ರಿಂಗ್ ಮುಟ್ಟದ ಜಾಗ

"ಇದೂ ಸವೆದಿದೆ ಮೇಸ್ತ್ರಿ. ವಾಪಸ್ ತಗೊಂಡು ಹೋಗಿ."

ಲೇತ್ ಮೇಸ್ತ್ರಿಗೆ ಮೈ ಉರಿಯಿತು. ಹಳೆಯ ಬೈಕುಗಳಿಗೆ ಒಳ್ಳೆಯ ಸಿಲಿಂಡರ್ ಹುಡುಕಿ ಕೊಡುವುದರಲ್ಲಿ ಅವರದು ಎತ್ತಿದ ಕೈ. ಈ ಮನೆಗೆ ಕೊಟ್ಟದ್ದು ಇದು ಮೂರನೆಯದು. ಮೂರನ್ನೂ ಅವರೇ ಅಳೆದು ನೋಡಿದ್ದರು. ಮೂರೂ ಸವೆದಿವೆಯಂತೆ! ಹೀಗೇ ಆದರೆ ಊರಲ್ಲಿ ಅವರ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯುವುದಿಲ್ಲ. ಅದಕ್ಕೇ ಇವತ್ತು ಸ್ವತಃ ಬಂದಿದ್ದರು.

ಅಕ್ಕ, ತಮ್ಮ ಇಬ್ಬರೇ ಇರುವ ಮನೆ. ಸಿಲಿಂಡರ್ ವಾಪಸ್ ಒಯ್ಯಿರಿ ಎಂದ ತಮ್ಮನಿಗೆ ನಲವತ್ತು ದಾಟಿದೆ. ಅಕ್ಕ ಬಡಿಸದಿದ್ದರೆ ಉಣ್ಣುವುದಿಲ್ಲ, ಅಕ್ಕ ತೆಗೆದಿಡದಿದ್ದರೆ ಅಂಗಿ ಸಿಗುವುದಿಲ್ಲ. ಬೀದಿಯವರು 'ಅಕ್ಕನ ಕೂಸು' ಎಂದು ನಗುತ್ತಿದ್ದರು. ಮೇಸ್ತ್ರಿಗೆ ಮಾತ್ರ ಅಯ್ಯೋ ಅನಿಸುತ್ತಿತ್ತು. ಕಿಟಕಿಗೆಲ್ಲ ಸರಳು, ಗೇಟಿಗೆ ಹಗಲಲ್ಲೂ ಬೀಗ. ಬೀಗ ತೆಗೆದವನು ತಮ್ಮನೇ, ಮೇಸ್ತ್ರಿ ಒಳಗೆ ಬಂದೊಡನೆ ಮತ್ತೆ ಹಾಕಿದವನೂ ಅವನೇ. ಪಾಪ, ಅಭ್ಯಾಸವಾಗಿಬಿಟ್ಟಿದೆ ಎಂದುಕೊಂಡರು. ಎಂಜಿನ್ ಬಿಚ್ಚಿಟ್ಟ ಹಳೆಯ ಬೈಕ್ ನಿಂತಿದ್ದ ಶೆಡ್ಡಿನ ಮೂಲೆಯಲ್ಲಿ ಕಟ್ಟಿಟ್ಟ ಚೀಲವೊಂದು ಧೂಳು ತಿನ್ನುತ್ತಿತ್ತು. ಎಂಜಿನ್ ಕೂಡಿದ ದಿನ ಹೊರಡುವ ಸಿದ್ಧತೆ ಅದು. ಅಷ್ಟು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ.

ಅಕ್ಕ ಟೀ ತಂದಳು. ಸಿಲಿಂಡರಿನ ಒಳಗಲ ಅಳೆಯುವ ಮುಳ್ಳಿನ ಗೇಜನ್ನು ಬಟ್ಟೆಯಲ್ಲಿ ಒರೆಸಿ ತಮ್ಮನ ಮುಂದೆ ಇಟ್ಟವಳೂ ಅವಳೇ.

"ಈ ಸಲವೂ ಆಗಲ್ವಾ?"

"ಇಲ್ಲ ಅಕ್ಕಾ. ಇನ್ನೊಂದು ಹುಡುಕಿಸೋಣ."

"ಹುಡುಕಿಸು, ಹುಡುಕಿಸು. ಈ ಮನೆ ಬಿಟ್ಟು ಹೋಗೋದು ಅಷ್ಟು ಸುಲಭಾನಾ?" ಎಂದು ನಕ್ಕು ಒಳಗೆ ಹೋದಳು. ಆ ನಗು ಮೇಸ್ತ್ರಿಗೆ ಹಿಡಿಸಲಿಲ್ಲ.

"ಎಲ್ಲಿ, ನನ್ನೆದುರು ಅಳೆದು ತೋರಿಸು."

ತಮ್ಮ ಗೇಜನ್ನು ಸಿಲಿಂಡರಿನೊಳಗೆ ಇಳಿಸಿದ. ಮೇಲುಗಡೆ, ನಡುವೆ, ತಳದಲ್ಲಿ. ಮೂರು ಕಡೆಯೂ ಮುಳ್ಳು ಒಂದೇ ಸವೆತ ತೋರಿಸಿತು. ಅಡ್ಡಡ್ಡ ತಿರುಗಿಸಿ ಹಿಡಿದ, ಅಲ್ಲೂ ಅದೇ.

ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. ಯಾವ ಸಿಲಿಂಡರೂ ಹೀಗೆ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ನಿನ ರಿಂಗ್ ಬಂದು ಹಿಂತಿರುಗುವ ಮೇಲ್ತುದಿಯಲ್ಲಿ ಸವೆತ ಹೆಚ್ಚು. ರಿಂಗ್ ಮುಟ್ಟದ ತಳದಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಮುಟ್ಟದ ಜಾಗ ಸವೆಯುವುದು ಹೇಗೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇಲ್ಲಿ ನಿಜವಾಗಿಯೂ ನೆಲವೇ ಡೊಂಕಿರಬೇಕು. ಅವರು ತಾವು ತಂದಿದ್ದ ಸಾಮಾನಿನ ಚೀಲದಿಂದ ಕೂದಲೆಳೆಯನ್ನೂ ಅಳೆಯುವ ಮೈಕ್ರೋಮೀಟರ್ ತೆಗೆದು, ಸರಿಯಾದ ಅಳತೆಗೆ ಇಟ್ಟು, ಗೇಜನ್ನು ಅದರ ನಡುವೆ ಹಿಡಿದರು. ಸೊನ್ನೆಯ ಮೇಲೆ ನಿಲ್ಲಬೇಕಿದ್ದ ಮುಳ್ಳು ಸೊನ್ನೆ ದಾಟಿ ನಿಂತಿತು. ಯಾರೋ ಡಯಲನ್ನು ತಿರುಗಿಸಿ ಇಟ್ಟಿದ್ದರು.

ಯಾರೆಂದು ಕೇಳಬೇಕೆ? ಮೇಸ್ತ್ರಿ ಅಡುಗೆಮನೆಯ ಕಡೆ ನೋಡಿದರು. ಹೆಸರು ಉಳಿಯಿತೆಂಬ ಸಮಾಧಾನಕ್ಕಿಂತ, ಎದುರಿಗಿದ್ದ ಈ ಬಡಪಾಯಿಯನ್ನು ಕಂಡು ಕರುಳು ಚುರುಕ್ ಎಂದದ್ದೇ ಹೆಚ್ಚು.

"ಸಿಲಿಂಡರ್ ಬಂಗಾರದಂಗಿದೆ ಕಣಯ್ಯಾ! ಗೇಜನ್ನೇ ಕೆಡಿಸಿಟ್ಟಿದ್ದಾರೆ, ನಿನ್ನನ್ನ ಇಲ್ಲೇ ಕಟ್ಟಿಹಾಕೋಕೆ. ಇವತ್ತೇ ಎಂಜಿನ್ ಕೂಡಿಸು, ಹೊರಟುಬಿಡು. ನಿಮ್ಮಕ್ಕನಿಗೆ ನಾನು ಬುದ್ಧಿ ಹೇಳ್ತೀನಿ."

ಅವರು ಎದ್ದು ಒಳಬಾಗಿಲ ಕಡೆ ಹೆಜ್ಜೆ ಹಾಕಿದರು. ತಮ್ಮ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ. ಮುಖದಲ್ಲಿ ರಕ್ತವೇ ಇರಲಿಲ್ಲ.

"ದಮ್ಮಯ್ಯ, ಮೆಲ್ಲಗೆ ಮಾತಾಡಿ ಮೇಸ್ತ್ರಿ. ಅದನ್ನ ತಿರುಗಿಸಿದ್ದು ನಾನೇ. ಅಪ್ಪ ಈ ಬೈಕ್ ಕೊಟ್ಟಿದ್ದು ಅಕ್ಕನಿಗೆ. ಇದರಲ್ಲೇ ಹೊರಡ್ತೀನಿ ಅಂತ ಹಟ ಹಿಡಿದು ಕಾಯ್ತಾ ಕೂತಿದ್ದಾಳೆ. ಅವಳು ಹೋದ್ರೆ ನನಗೆ ಯಾರಿದ್ದಾರೆ?"