ಒಗೆಯದ ಜೆರ್ಸಿ

ಕೊರೀನ್ ಮಗಳ ಐಸ್ ಹಾಕಿ ಜೆರ್ಸಿಯನ್ನು ಒಗೆಯುವ ಯಂತ್ರಕ್ಕೆ ತುರುಕುವಷ್ಟರಲ್ಲಿ ಪುಟ್ಟ ಕೈಯೊಂದು ಅದರ ತೋಳು ಹಿಡಿದು ಎಳೆಯಿತು.

"ಅಮ್ಮಾ, ಒಗೀಬೇಡ."

"ಬೀದಿ ನಾಯೀನೂ ಮೂಸಲ್ಲ ಇದನ್ನ. ಬಿಡು ಡಾರ್ಸಿ."

"ಅಪ್ಪನ ಜೆರ್ಸಿಗಳನ್ನ ಒಗೀತೀಯಾ ನೀನು?"

ಕೊರೀನ್ ಜೆರ್ಸಿಯನ್ನು ಕೈಬಿಟ್ಟಳು. ಆ ಮನೆಯ ನೆಲಮಾಳಿಗೆಗೆ ಸೋಪು ಇಳಿಯುವಂತಿಲ್ಲ. ಹೆಸರಾಂತ ಆಟಗಾರರು ತೊಟ್ಟು ಆಡಿದ ಜೆರ್ಸಿಗಳನ್ನು ಅವಳ ಗಂಡ ಗ್ಲೆನ್ ಅಲ್ಲಿ ಸಾಲಾಗಿ ತೂಗುಹಾಕಿದ್ದಾನೆ. ಬೆವರು, ರಕ್ತದ ಚುಕ್ಕೆ, ಕೋಲು ತಾಗಿದ ಕಪ್ಪು ಗೀಟು, ಇವೇ ಅವುಗಳ ಜೀವ. ಒಗೆದರೆ ಬರೀ ಬಟ್ಟೆ. ಅಂಥವನ್ನು ಹುಡುಕಿಕೊಂಡು ಅವನು ಶನಿವಾರ ಬಂತೆಂದರೆ ಊರೂರು ಸುತ್ತುತ್ತಾನೆ. ಡಾರ್ಸಿಯ ಪಂದ್ಯಗಳೂ ಶನಿವಾರವೇ. ಗೋಲು ಹೊಡೆದಾಗಲೆಲ್ಲ ಹುಡುಗಿ ತಲೆಯೆತ್ತಿ ಅಮ್ಮನ ಪಕ್ಕದ ಖಾಲಿ ಜಾಗ ನೋಡುತ್ತಾಳೆ. ಬರುವಾಗ ಕಾರಿನಲ್ಲಿ ಏನೋ ಕೇಳಲು ಬಾಯಿ ತೆರೆದು, ಮನೆ ಮುಟ್ಟುವುದರೊಳಗೆ ನುಂಗಿಕೊಳ್ಳುತ್ತಾಳೆ.

ಜೆರ್ಸಿಯನ್ನು ಅವಚಿಕೊಂಡು ಡಾರ್ಸಿ ಮೆಟ್ಟಿಲಿಳಿದಳು. ಕೊರೀನಳೂ ಹಿಂದೆಯೇ ಇಳಿದಳು. ಹಿಮ ಮುಚ್ಚಿದ ಸಣ್ಣ ಕಿಟಕಿಯಿಂದ ನೀಲಿ ಬೆಳಕು ಸೋರುತ್ತಿತ್ತು. ಹೀಟರಿನ ಬಿಸಿಗಾಳಿ ಬೀಸಿದಾಗ ಸಾಲು ಜೆರ್ಸಿಗಳ ತೋಳುಗಳು ಮೆಲ್ಲಗೆ ತೂಗಿದವು. ದೊಡ್ಡ ದೊಡ್ಡ ಗಂಡಸರು ನಿದ್ದೆಯಲ್ಲೇ ಕಾಣದ ಮಂಜುಗಡ್ಡೆಯ ಮೇಲೆ ಜಾರುತ್ತಿರುವಂತೆ.

ಬಿಳಿ ಕೈಗವಸು ತೊಟ್ಟ ಗ್ಲೆನ್ ಒಂದು ಜೆರ್ಸಿಯನ್ನೂ ಹಳೆಯ ಪಂದ್ಯದ ಫೋಟೊವನ್ನೂ ಪಕ್ಕಪಕ್ಕ ಇಟ್ಟುಕೊಂಡು, ಭೂತಗನ್ನಡಿಯಿಂದ ತಲೆಯೆತ್ತದೆ ಹೇಳಿದ, "ಸಿಕ್ಕೇಬಿಡ್ತು ಕೊರೀನ್. ಈ ಗೀಟು ಫೋಟೊದಲ್ಲೂ ಅಲ್ಲೇ ಇದೆ. ವಿನಿಪೆಗ್ ಪಂದ್ಯದಲ್ಲಿ ಹಾಕಿದ್ದು ಇದನ್ನೇ."

ಡಾರ್ಸಿ ತನ್ನದನ್ನು ಮೇಜಿನ ಮೇಲೆ ಹರಡಿದಳು. "ಇದನ್ನೂ ನೋಡಪ್ಪಾ."

"ಓಹೋ, ಯಾವ ಮಹಾ ಆಟಗಾರಂದು ಇದು?" ಎಂದು ನಗುತ್ತಲೇ ಗ್ಲೆನ್ ಬಗ್ಗಿದ. ನೋಡುತ್ತ ನೋಡುತ್ತ ಅವನ ನಗು ನಿಂತಿತು.

"ಎಡ ಭುಜದಲ್ಲಿ ಹಳದಿ ಬಣ್ಣ. ಅಂಕಣದ ಸುತ್ತ ಇರೋ ಗೋಡೆ ಬುಡದ ಹಳದಿ ಪಟ್ಟಿದು. ಬಿದ್ದು, ಜಾರ್ಕೊಂಡು ಹೋಗಿ ಬಡಿದಿದಾಳೆ. ಆದ್ರೂ ಎದ್ದು ಆಡಿದಾಳೆ. ಕೋಲಿನ ಗೀಟು ಬಣ್ಣದ ಮೇಲೇ ಇದೆ ನೋಡು, ಆಮೇಲೆ ತಾಗಿದ್ದು."

ಡಾರ್ಸಿಯ ಕಿವಿ ಕೆಂಪಾದವು. ಎಲ್ಲವೂ ಹಾಗೆಯೇ ನಡೆದಿತ್ತು. ಅಂದು ಅವಳು ಏಳುವ ತನಕ ಕೊರೀನ್ ಉಸಿರು ಹಿಡಿದು ನಿಂತಿದ್ದಳು.

"ಆಡಿದ ಜೆರ್ಸೀನೇ, ಅನುಮಾನ ಇಲ್ಲ," ಎಂದ ಗ್ಲೆನ್, ತನ್ನ ಎಲ್ಲ ಜೆರ್ಸಿಗಳ ಬಗ್ಗೆ ಹೇಳುವ ಹಾಗೆಯೇ. "ಯಾವ ಪಂದ್ಯ ಅನ್ನೋಕೆ ಒಂದು ಫೋಟೊ ಬೇಕು, ಅಷ್ಟೆ."

ಕೊರೀನಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅದು ತಾನು ಆಡಬೇಕಾದ ಮಾತಲ್ಲವೆಂದು ತುಟಿ ಕಚ್ಚಿಕೊಂಡಳು.

ಡಾರ್ಸಿ ಅಪ್ಪನ ಕೈಗವಸಿನ ಒಂದು ಬೆರಳನ್ನು ಹಿಡಿದಳು.

"ಫೋಟೊ ಯಾಕಪ್ಪಾ? ಈ ಶನಿವಾರ ನೀನೇ ಬರ್ತೀಯಾ?"