ಕೆಂಪು ಶಾಯಿಯ ಹತ್ತರ ನೋಟು

"ಇಂಥ ನೋಟನ್ನ ಮತ್ತೆ ಜನರ ಕೈಗೆ ಕೊಡೋ ಹಾಗಿಲ್ಲ," ಎಂದಳು ಪ್ರಮೋದಾ.

ನೆಲಮಂಗಲದ ಆ ಬ್ಯಾಂಕಿನಲ್ಲಿ ಅವಳು ಕ್ಯಾಷಿಯರ್. ಗಾಜಿನಾಚೆ ನಿಂತಿದ್ದ ಕೆಂಪರಾಜ್ ಹತ್ತು ರೂಪಾಯಿಯ ನೋಟೊಂದನ್ನು ಬಿಡಿಸಿ ಹಿಡಿದಿದ್ದ. ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ರೂಪ, ಅಮ್ಮನಿಗೆ ಹುಷಾರಿಲ್ಲ, ಬಾ. ಕತ್ತಿನಲ್ಲಿ ಸುಟ್ಟ ಕಲೆ. ಕಂಡವರು ಫೋನ್ ಮಾಡಿ.’ ಕೆಳಗೆ ನಂಬರ್.

"ನೋಟಿನ ಬೆಲೆಯೇನೂ ಹೋಗಲ್ಲ. ಆದ್ರೆ ಅದರ ಮೇಲೆ ಬರೆಯೋದು ತಪ್ಪು. ನಮ್ಮ ಕೈಗೆ ಬಂದ್ರೆ ಪುಡಿ ಮಾಡೋಕೆ ಕಳಿಸಬೇಕು. ಪೊಲೀಸರಿಗೆ ಹೇಳಿ, ಹುಡುಕ್ತಾರೆ."

"ಸ್ಟೇಷನ್ ಅಂತ ಹೋದ್ರೆ ಮನೆ ಮಾನ ಹೋಗುತ್ತೆ ಮೇಡಂ. ಸೋಂಪುರದ ಫ್ಯಾಕ್ಟರಿ ಕಡೆ ಇದ್ದಾಳೆ ಅಂತ ಯಾರೋ ಅಂದ್ರು. ಅಲ್ಲೆಲ್ಲ ಈ ನೋಟು ಬಿಟ್ಟಿದ್ದೀನಿ. ಅಂಗಡಿಯವರು ತಂದು ಇಲ್ಲಿ ಕಟ್ತಾರೆ, ನೀವು ಪುಡಿ ಮಾಡ್ತೀರಿ. ನನ್ನ ತಂಗಿ ಸಿಗೋದು ಹೆಂಗೆ?" ಅವನು ನೋಟನ್ನು ಗಾಜಿಗೆ ಒತ್ತಿ ಹಿಡಿದ. "ನಮ್ಮಮ್ಮ ಅನ್ನ ಬಿಟ್ಟಿದ್ದಾಳೆ."

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಹೆತ್ತವಳ ಸಂಕಟ ಇವರಿಗೇನು ಗೊತ್ತು," ಎಂದು ಗೊಣಗಿದಳು. ಪ್ರಮೋದಾಳ ಮುಖ ಬಿಸಿಯಾಯಿತು. ಹಿಂದಿನ ವರ್ಷವಷ್ಟೇ ಅವಳ ತಾಯಿ ತೀರಿಕೊಂಡಿದ್ದರು. ಇವಳು ಆಸ್ಪತ್ರೆಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಂಪರಾಜ್ ಬಂದುಹೋದ ದಿನದಿಂದ ಕೆಂಪು ಶಾಯಿಯ ನೋಟುಗಳನ್ನು ಅವಳು ಪಕ್ಕಕ್ಕೆ ತೆಗೆದಿಡಲಿಲ್ಲ. ಸೋಂಪುರದ ಗುತ್ತಿಗೆದಾರರಿಗೆ ಚಿಲ್ಲರೆ ಕೊಡುವಾಗ ಕಟ್ಟಿನ ನಡುವೆ ಸೇರಿಸಿ ಕೊಟ್ಟಳು. ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಆದರೂ ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಕೌಂಟರಿಗೆ ಒಬ್ಬಳು ಬಂದಳು. ಫ್ಯಾಕ್ಟರಿಯ ನೀಲಿ ಅಂಗಿ, ಮಧ್ಯಾಹ್ನದ ಸೆಕೆಯಲ್ಲೂ ಕತ್ತಿಗೆ ಬಿಗಿದು ಸುತ್ತಿದ ದುಪಟ್ಟಾ. ಮುಷ್ಟಿಯಲ್ಲಿದ್ದ ಹತ್ತರ ನೋಟುಗಳನ್ನು ಗಾಜಿನ ಕೆಳಗೆ ತಳ್ಳಿದಳು. ಎಲ್ಲವೂ ಕೆಂಪು ಶಾಯಿಯವೇ.

"ಇವನ್ನ ತಗೊಂಡು ಬೇರೆ ಕೊಡಿ ಮೇಡಂ. ಬರೆದಿರೋ ನೋಟು ಬ್ಯಾಂಕಿಗೆ ಬಂದ್ರೆ ಮತ್ತೆ ಆಚೆ ಹೋಗಲ್ಲ ಅಲ್ವಾ?"

ದುಪಟ್ಟಾ ಸರಿಯಿತು. ಕಲೆ ಕಂಡಿತು. ಹೆತ್ತ ತಾಯಿಯ ಮೇಲೆ ಇಷ್ಟು ಮುನಿಸೇ, ಅಂದುಕೊಂಡಳು ಪ್ರಮೋದಾ.

"ಹೋಗಲ್ಲಮ್ಮ. ಕೂತಿರು, ಒಳಗಿಂದ ಹೊಸ ನೋಟು ತರ್ತೀನಿ."

ಒಳಗೆ ಹೋಗಿ ನೋಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಕೆಂಪರಾಜ್ ಪಕ್ಕದ ಅರಿಶಿನಕುಂಟೆಯಲ್ಲೇ ಇದ್ದ. "ಬಿಡಬೇಡಿ ಮೇಡಂ, ಬಂದ್ಬಿಟ್ಟೆ," ಎಂದ. ಪ್ರಮೋದಾ ಬೇಕೆಂದೇ ತಡಮಾಡಿದಳು. ಹುಡುಗಿಗೆ ಟೀ ತರಿಸಿಕೊಟ್ಟಳು.

ಬಾಗಿಲಲ್ಲಿ ಅವನು ಕಾಣಿಸಿಕೊಂಡ. ಹುಡುಗಿಯ ಕೈಯಿಂದ ಲೋಟ ಜಾರಿತು. ಅವಳು ಓಡಲಿಲ್ಲ. ಗೋಡೆಗೆ ಒತ್ತಿಕೊಂಡು ಕುಗ್ಗಿ ನಿಂತಳು.

ಪ್ರಮೋದಾ ಹೊರಬಂದು ಅವಳ ಭುಜ ಸವರಿದಳು. "ಹೋಗಮ್ಮ. ಅಣ್ಣ ಬಂದಿದ್ದಾರೆ. ತಾಯಿ ಕಾಯ್ತಿದ್ದಾರೆ."

ರೂಪ ಅವಳತ್ತ ನೋಡಿದಳು. ಆ ನೋಟದಲ್ಲಿ ಕೋಪ ಕೂಡ ಇರಲಿಲ್ಲ.

"ನಮ್ಮಮ್ಮ ನಾನು ಮೂರನೇ ಕ್ಲಾಸಲ್ಲಿದ್ದಾಗಲೇ ಹೋದ್ಲು ಮೇಡಂ. ಇವನು ನನ್ನ ಗಂಡ. ಅಮ್ಮ ಅಂತ ಬರೆದ್ರೆ ಯಾರಾದ್ರೂ ಒಳ್ಳೆಯವರು ಹಿಡಿದುಕೊಡ್ತಾರೆ ಅಂತ ಅವನಿಗೆ ಗೊತ್ತಿತ್ತು."