ಕಟ್ ಹೇಳುವ ಹಕ್ಕು

ಸಿನಿಮಾ ಕಲಿಯಲು ಬಂದ ಮಕ್ಕಳಿಗೆ ಸೆಟ್ಟಿನ ಸುರಕ್ಷತೆಯ ಪಾಠ ಹೇಳಿ ಹೇಳಿ ಮೇಷ್ಟ್ರಿಗೆ ಸಾಕುಸಾಕಾಗಿತ್ತು. ಆ ಪಾಠವನ್ನು ಕ್ಯಾಮೆರಾದಲ್ಲಿ ಹಿಡಿದಿಡಬೇಕೆಂದು ಪ್ರಿನ್ಸಿಪಾಲರ ಅಪ್ಪಣೆ ಬೇರೆ. ಒಂದು ಟೇಕಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು, ಇನ್ನೊಂದರಲ್ಲಿ ಯಾರದೋ ಫೋನು ಹಾಡಿತು. ಈ ಸಲ ಮಾತ್ರ ಮಾತು ಸರಾಗವಾಗಿ ಬರುತ್ತಿತ್ತು.

"ಸೆಟ್ಟಲ್ಲಿ ಅಪಾಯ ಕಂಡ್ರೆ ಡೈರೆಕ್ಟರ್ ಬಾಯಿ ಬಿಡ್ಲಿ ಅಂತ ಕಾಯಬೇಡಿ. ಲೈಟ್ ಬಾಯ್ ಆದ್ರೂ ಸರಿ, ಟೀ ಕೊಡೋನಾದ್ರೂ ಸರಿ, ಯಾರು ಬೇಕಾದ್ರೂ..."

"ಕಟ್!" ಹಿಂದಿನ ಸಾಲಿನಿಂದ ಸಿಂಚನಾ ಕೂಗಿದಳು.

ಮೇಷ್ಟ್ರ ಪಿತ್ತ ನೆತ್ತಿಗೇರಿತು. "ಕಟ್ ಹೇಳೋಕೆ ನೀನ್ಯಾರಮ್ಮ?"

"ಸಾರ್, ಅಲ್ಲಿ..."

"ಅಲ್ಲೂ ಇಲ್ಲ, ಇಲ್ಲೂ ಇಲ್ಲ! ನಾನು ಮುಗಿಸೋವರೆಗೂ ಯಾರಾದ್ರೂ ಬಾಯಿ ಬಿಟ್ರೆ ಇಂಟರ್ನಲ್ಸಲ್ಲಿ ಸೊನ್ನೆ. ಹೂಂ, ರೋಲ್ ಮಾಡಪ್ಪ."

ಕ್ಯಾಮೆರಾ ಮತ್ತೆ ಓಡಿತು. ಮೇಷ್ಟ್ರು ನಿಲ್ಲಿಸಿದ ಕಡೆಯಿಂದಲೇ ಮಾತು ಎತ್ತಿಕೊಂಡರು. "ಯಾರು ಬೇಕಾದ್ರೂ ಧೈರ್ಯವಾಗಿ ಕಟ್ ಹೇಳಬಹುದು!"

ಈ ಸಲ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹಿಂದಿನಿಂದ ಮೇಷ್ಟ್ರ ತಲೆಯ ಕಡೆಗೆ ಮೆಲ್ಲಗೆ ವಾಲುತ್ತಿದ್ದ ಲೈಟ್ ಸ್ಟ್ಯಾಂಡನ್ನು ಇಡೀ ಕ್ಲಾಸು ಬಾಯಿ ಮುಚ್ಚಿಕೊಂಡು ನೋಡುತ್ತಾ ಕೂತಿತ್ತು.